ಅಂಗಡಿ ತೋಟಾ

ಆರ್ವಿಡ್ ಲುಂಡೆ ಅಂಗಡಿಯಲ್ಲಿ ಕೋವಿಗೆ ತೋಟಾ ಕೊಂಡು ನಲವತ್ತೊಂದು ವರ್ಷವಾಗಿತ್ತು. ಕೊಳ್ಳುವವರನ್ನು ಕಂಡರೆ ಅವನಿಗೆ ಅಸಹ್ಯ. ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಯಾರಾದರೂ ಇಪ್ಪತ್ತು ತೋಟಾದ ಡಬ್ಬಿಯೊಂದನ್ನು ಕೈಗೆತ್ತಿಕೊಂಡರೆ ಸಾಕು, ಮೊಳೆ ತರಲು ಬಂದ ಇವನು ಹಿಂದೆ ನಿಂತು ಮೂಗಿನಲ್ಲೇ 'ಹ್ಞುಂ' ಅನ್ನುತ್ತಿದ್ದ. ಆ 'ಹ್ಞುಂ' ಊರಿಗೆಲ್ಲ ಗೊತ್ತು. ಬೇಟೆಯ ಕಾಲ ಬಂತೆಂದರೆ ಜನ ಇವನು ಅಂಗಡಿಯಲ್ಲಿಲ್ಲದ ಹೊತ್ತು ನೋಡಿಕೊಂಡು ಹೋಗಿ ತೋಟಾ ತರುತ್ತಿದ್ದರು. ಅದನ್ನೇ ಇವನು ಗೌರವ ಎಂದುಕೊಂಡಿದ್ದ, ಏನು ಮಾಡುತ್ತೀರಿ.

ತಾನು ಹಾರಿಸುವ ತೋಟಾವನ್ನು ತಾನೇ ತುಂಬಿಕೊಳ್ಳದವನನ್ನು ಬೇಟೆಗಾರ ಎಂದು ಕರೆಯಲು ಅವನಿಗೆ ನಾಲಿಗೆ ಬರುತ್ತಿರಲಿಲ್ಲ. ಅಂಥವನು ಗಿರಾಕಿ. ಯಂತ್ರವೊಂದು ನಿಮಿಷಕ್ಕೆ ನೂರರಂತೆ ಉಗುಳಿದ್ದನ್ನು ತಂದು ಕೋವಿಗೆ ತುರುಕುವ ಗಿರಾಕಿ. ಇವನ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಹೆಂಡತಿ ಡೊರೀನ್ ಮೊಂಟಾನಾದ ಚಳಿಗಾಲದುದ್ದಕ್ಕೂ ಬೆಳಿಗ್ಗೆ ಎದ್ದು ಕಾರಿನ ಗಾಜಿನ ಮೇಲಿನ ಹಿಮ ಕೆರೆದುಕೊಂಡು ಕೆಲಸಕ್ಕೆ ಹೋಗಬೇಕು. ಒಳಗೆ ಬೆಚ್ಚಗೆ ಇವನ ತೋಟಾ ಒತ್ತುವ ಪ್ರೆಸ್ಸು, ತಕ್ಕಡಿ, ಸಿಡಿಮದ್ದಿನ ಡಬ್ಬಿಗಳು ಕೂತಿರುತ್ತಿದ್ದವು. ಮದ್ದಿಗೆ ಚಳಿ ತಾಗಬಾರದಂತೆ.

ಕೆಲಸ ಮಾತ್ರ ಅಚ್ಚುಕಟ್ಟು, ಅದನ್ನು ಅಲ್ಲಗಳೆಯುವಂತಿಲ್ಲ. ಹಾರಿಸಿ ಉಳಿದ ಹಿತ್ತಾಳೆ ಕೋಶಗಳನ್ನು ಒಂದೊಂದಾಗಿ ತೂಗಿ, ಹೆಚ್ಚುಕಮ್ಮಿ ಇದ್ದದ್ದನ್ನು ಬೇರೆ ಹಾಕಿ, ಕತ್ತನ್ನು ಬೆಂಕಿಗೆ ಹಿಡಿದು ಹದ ಮಾಡಿ, ಬುಡಕ್ಕೆ ಕಿಡಿಯ ಕ್ಯಾಪು ಒತ್ತಿ, ಆಮೇಲೆ ಮದ್ದು ತುಂಬಿ ಕತ್ತಿಗೆ ಗುಂಡು ಕೂರಿಸುವುದು. ಒಂದು ತೋಟಾಕ್ಕೆ ಸುಮಾರು ಒಂದು ಚಮಚ ಮದ್ದು. ಆ ಒಂದು ಚಮಚದಲ್ಲಿ ಒಂದು ಕಾಳು ಹೆಚ್ಚಾಯಿತೆಂದು ಚಿಮಟದಲ್ಲಿ ಹೆಕ್ಕಿ ತೆಗೆದು, ಕಮ್ಮಿಯಾಯಿತೆಂದು ಅದನ್ನೇ ಮತ್ತೆ ಹಾಕಿ, ಉಸಿರು ತಾಗಿ ತಕ್ಕಡಿ ಅಲುಗೀತೆಂದು ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಕೂತಿರುತ್ತಿದ್ದ. ಸ್ವಂತ ಮಗಳ ಮದುವೆಯ ದಿನ ಅವನು ಇಷ್ಟು ಎಚ್ಚರವಾಗಿರಲಿಲ್ಲ ಎಂದು ಡೊರೀನ್ ಹೇಳುತ್ತಿದ್ದಳು.

ಎರಡು ವರ್ಷದ ಹಿಂದೆ ಅವನು ಹೊಸ ಕೋವಿಯೊಂದನ್ನು ಹೇಳಿ ಮಾಡಿಸಿದ್ದ. ದೊಡ್ಡ ಬಾಯಿಯದು. ಅದರ ತೋಟಾ ಗಂಡಸಿನ ನಡುಬೆರಳಿಗಿಂತ ಉದ್ದ. ಸಾವಿರ ಗಜದಾಚೆ ನಿಂತ ಪ್ರಾಣಿಗೂ ಬಿಡುಗಡೆಯಿಲ್ಲ ಎಂದು ಕೆಫೆಯಲ್ಲಿ ಕೂತು ಹೇಳಿದ್ದೇ ಹೇಳಿದ್ದು. ಅದಕ್ಕೆ ಸರಿಯಾದ ತೋಟಾ ಕಂಡುಹಿಡಿಯಲು ಎರಡು ಚಳಿಗಾಲ ಹೋಯಿತು. ಕೊನೆಗೆ ಸಿಕ್ಕಿತು. ಗುಂಡನ್ನು ಕೋಶದ ಕತ್ತಿನಲ್ಲಿ ಆದಷ್ಟು ಹೊರಗೆ, ಆದಷ್ಟು ಸಡಿಲವಾಗಿ ಕೂರಿಸಬೇಕು. ಕೋವಿಯ ಹಿಂಬಾಗಿಲಿನಂಥ ಬೋಲ್ಟು ಮುಚ್ಚಿದಾಗ ಗುಂಡಿನ ಮೂತಿ ಹೋಗಿ ನಳಿಗೆಯೊಳಗಿನ ಸುರುಳಿ ಗೀರುಗಳಿಗೆ ಒತ್ತಿಕೊಳ್ಳಬೇಕು. ಹಾಗೆ ತುಂಬಿದ ಐದು ತೋಟಾ ಹಾರಿಸಿದರೆ ಕಾಗದದ ಮೇಲೆ ಬೀಳುವುದು ಒಂದೇ ತೂತು. ಆ ಕಾಗದವನ್ನು ಅವನು ಪರ್ಸಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಮೊಮ್ಮಕ್ಕಳ ಫೋಟೋ ತೋರಿಸಿದವರಿಗೆ ಇವನು ತೂತು ತೋರಿಸುತ್ತಿದ್ದ.

ಇಷ್ಟೆಲ್ಲ ಯಾತಕ್ಕೆಂದರೆ ಹ್ಯಾಟನ್ ಬೆಟ್ಟದ ಎಲ್ಕಿಗಾಗಿ. ಎಲ್ಕ್ ಕಡವೆಯ ಜಾತಿಯದೇ, ಗಾತ್ರ ಮಾತ್ರ ಕುದುರೆಯದು. ಹ್ಯಾಟನ್ ಬೆಟ್ಟದ ಗಂಡು ಎಲ್ಕ್ ಹೊಡೆಯಲು ಚೀಟಿ ಎತ್ತಿ ಪರವಾನಗಿ ಕೊಡುತ್ತಾರೆ. ಆರ್ವಿಡ್ ಇಪ್ಪತ್ತೆರಡು ವರ್ಷ ಬಿಡದೆ ಅರ್ಜಿ ಹಾಕಿದ್ದ, ಇಪ್ಪತ್ತೆರಡನೆಯದಕ್ಕೆ ಚೀಟಿ ಎದ್ದಿತು. ಆಗ ಅವನಿಗೆ ಅರವತ್ತೊಂಬತ್ತು. ಬಲ ಮಂಡಿ ಸವೆದು ಹೋಗಿತ್ತು, ಜನವರಿಯಲ್ಲಿ ಅದನ್ನು ಕೊಯ್ದು ಲೋಹದ್ದು ಹಾಕುವವರಿದ್ದರು. ಆಮೇಲೆ ಬೆಟ್ಟ ಹತ್ತುವ ಮಾತೇ ಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾಗಿ ಇದು ಮೊದಲನೆಯದು, ಕೊನೆಯದು. ಪರವಾನಗಿ ನವೆಂಬರಿನ ಆ ಭಾನುವಾರ ಸೂರ್ಯ ಮುಳುಗುವವರೆಗೆ.

ಅದೇ ಅರ್ಜಿಯಲ್ಲಿ ಜೊತೆಗೆ ಹೆಸರು ಬರೆಸಿದ್ದವನು ಲೋವೆಲ್ ಪ್ರಿಚೆಟ್, ತಂಗಿ ಮಾರ್ಗಿಟ್‌ಳ ಗಂಡ. ಅವನಿಗೂ ಪರವಾನಗಿ ಬಂತು. ಲೋವೆಲ್ ಇಡೀ ಜನ್ಮ ಸ್ಕೂಲ್ ಬಸ್ಸು ಓಡಿಸಿದವನು. ಅವನ ಕೋವಿ ಅವನಪ್ಪನದು, ಮರದ ಹಿಡಿ ಸವೆದು ಸೋಪಿನ ಹಾಗೆ ನುಣ್ಣಗಾಗಿತ್ತು. ಅದಕ್ಕೆ ಅವನು ಹಾಕುತ್ತಿದ್ದದ್ದು ಅಂಗಡಿ ತೋಟಾ, ಒಂದು ಡಬ್ಬಿ ತಂದರೆ ನಾಲ್ಕು ವರ್ಷಕ್ಕೆ ಸಾಕು. ಮೂವತ್ತನಾಲ್ಕು ವರ್ಷದಿಂದ ಆರ್ವಿಡ್ ಭಾನುವಾರದ ಊಟಕ್ಕೆ ತಂಗಿಯ ಮನೆಗೆ ಹೋಗಿ, ಅವಳು ಮಾಡಿದ ಹುರಿದ ಮಾಂಸ ತಿಂದು, ಬಾಯಿ ಒರೆಸಿಕೊಂಡು, ಆ ತೋಟಾಗಳನ್ನು ಆಡಿಕೊಂಡು ನಗುತ್ತಿದ್ದ. 'ನಿನ್ನ ಗುರಿ ಮುಂದಿನ ಬಸ್‌ಸ್ಟಾಪಿನವರೆಗೆ' ಎನ್ನುತ್ತಿದ್ದ. ಲೋವೆಲ್‌ನೂ ನಗುತ್ತಿದ್ದ. ತಿನ್ನುತ್ತಿದ್ದ ಮಾಂಸ ಪ್ರತಿ ವರ್ಷ ಅದೇ ಅಂಗಡಿ ತೋಟಾ ಹೊಡೆದು ತಂದದ್ದು ಎಂಬುದನ್ನು ಮೇಜಿನ ಸುತ್ತ ಯಾರೂ ಎತ್ತುತ್ತಿರಲಿಲ್ಲ. ಮಾರ್ಗಿಟ್ ಮಾತ್ರ ಒಮ್ಮೊಮ್ಮೆ ಪಾತ್ರೆಯನ್ನು ಕುಕ್ಕಿ ಇಡುತ್ತಿದ್ದಳು.

ಮೊದಲ ಹೊಡೆತ ಆರ್ವಿಡನದು ಎಂದು ಲೋವೆಲ್‌ನೇ ಮಾತು ಕೊಟ್ಟಿದ್ದ. 'ನಿನ್ನ ಮಂಡಿಯ ಗತಿ ಹೀಗಿದೆ. ನಿನ್ನದು ಆಗಲಿ, ಆಮೇಲೆ ನನ್ನದು ನೋಡೋಣ' ಅಂದಿದ್ದ. ಆರ್ವಿಡ್ ಅದಕ್ಕೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅಂಗಡಿ ತೋಟಾ ಮುಕ್ಕುವ ಕೋವಿಗೆ ಎರಡನೆಯ ಸರದಿ ಸಿಕ್ಕಿದ್ದೇ ಹೆಚ್ಚು ಎಂದುಕೊಂಡ.

ಗುರುವಾರ ಬೆಳಕು ಹರಿಯುವ ಹೊತ್ತಿಗೆ ಲೋವೆಲ್‌ನ ಟ್ರಕ್ಕು ಚಕ್ರಕ್ಕೆ ಸರಪಣಿ ಕಟ್ಟಿಕೊಂಡು ಹಿಮದ ದಾರಿಯಲ್ಲಿ ಬೆಟ್ಟ ಏರುತ್ತಿತ್ತು. ಆರ್ವಿಡ್ ತೊಡೆಯ ಮೇಲೆ ಪ್ಲಾಸ್ಟಿಕ್ ಪೆಟ್ಟಿಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

"ಎಷ್ಟು ತಂದಿದೀಯ?" ಲೋವೆಲ್ ಕೇಳಿದ.

"ಒಂಬತ್ತು. ನೂರು ತುಂಬಿ, ಅದರಲ್ಲಿ ಆರಿಸಿದ್ದು."

"ಒಂಬತ್ತು ಎಲ್ಕ್ ಹೊಡೆಯೋದಿದೆಯಾ?"

"ನೀನೆಷ್ಟು ತಂದೆ?"

"ಜೇಬಲ್ಲಿ ನಾಲ್ಕೋ ಐದೋ ಇರಬೇಕು. ಹೋದ ವರ್ಷದ್ದು."

"ಜೇಬಲ್ಲಿ. ಬೀಗದ ಕೈ ಜೊತೆ."

"ಪೆಪ್ಪರಮಿಂಟೂ ಇದೆ. ಬೇಕಾ?"

ಆರ್ವಿಡ್ ಮೂಗಿನಲ್ಲಿ ತನ್ನ ಸದ್ದು ಮಾಡಿ ಕಿಟಕಿಯ ಕಡೆ ತಿರುಗಿದ. ತಂಗಿ ಇವನಲ್ಲಿ ಏನು ಕಂಡು ಮದುವೆಯಾದಳೋ ಎಂದು ಮೂವತ್ತನಾಲ್ಕು ವರ್ಷದಿಂದ ಯೋಚಿಸಿದ್ದನ್ನೇ ಇನ್ನೊಂದು ಸಲ ಯೋಚಿಸಿದ. ಆಮೇಲೆ ಕೈಚಾಚಿ ಪೆಪ್ಪರಮಿಂಟು ಇಸಿದುಕೊಂಡ.

ಟ್ರಕ್ಕು ನಿಲ್ಲಿಸಿ ಎರಡು ಗಂಟೆ ನಡೆದರು. ಲೋವೆಲ್ ತನ್ನ ಚೀಲದ ಜೊತೆ ಆರ್ವಿಡನ ಚೀಲವನ್ನೂ ಹೊತ್ತಿದ್ದ. ಕೋವಿಯನ್ನು ಮಾತ್ರ ಆರ್ವಿಡ್ ಮುಟ್ಟಗೊಡಲಿಲ್ಲ. ದಿಣ್ಣೆಯ ತುದಿ ಮುಟ್ಟಿ ಆಚೆ ನೋಡಿದರೆ ಕಣಿವೆಯ ಆ ಬದಿಯ ಬಯಲಿನಲ್ಲಿ ಎರಡು ಹೆಣ್ಣು ಎಲ್ಕ್‌ಗಳು ಹಿಮ ಕೆದರಿ ಹುಲ್ಲು ಮೇಯುತ್ತಿದ್ದವು. ಅವುಗಳ ಹಿಂದೆ ಗಂಡು. ಒಂದೊಂದು ಕೊಂಬಿಗೂ ಆರು ಕವಲು. ಲೋವೆಲ್ ದುರ್ಬೀನು ಕಣ್ಣಿಗೆ ಹಿಡಿದು ಬಹಳ ಹೊತ್ತು ಉಸಿರೇ ಬಿಡಲಿಲ್ಲ. ಇಂಥದ್ದನ್ನು ಅವನೂ ಹುಟ್ಟಿದ ಮೇಲೆ ಕಂಡಿರಲಿಲ್ಲ.

ಆರ್ವಿಡ್ ಚಾಪೆ ಹಾಸಿ ಬೋರಲು ಮಲಗಿದ. ಪೆಟ್ಟಿಗೆ ತೆರೆದು ಒಂಬತ್ತರಲ್ಲಿ ಒಂದನ್ನು ಆರಿಸಿ ಒಳಗಿಟ್ಟು ಬೋಲ್ಟು ಮುಚ್ಚಿದ. ದೂರ ಅಳೆಯುವ ಯಂತ್ರ ಎಂಟುನೂರ ನಲವತ್ತು ಗಜ ಎಂದಿತು. ಅವನ ಮುಖ ಅರಳಿತು. ಕೋವಿಯ ಹಿಡಿಗೆ ಅಂಟಿಸಿದ್ದ ದೂರದ ಲೆಕ್ಕದ ಪಟ್ಟಿ ನೋಡಿ, ಗುರಿ ನೋಡುವ ಸ್ಕೋಪಿನ ಗುಬಟನ್ನು ಟಕಟಕ ತಿರುಗಿಸಿದ. ಗಾಳಿ ಅಳೆಯುವ ಪುಟ್ಟ ಚಕ್ರವನ್ನು ಎತ್ತಿ ಹಿಡಿದ. ಚಕ್ರ ಒಮ್ಮೆ ಗಿರ್ರೆಂದು ತಿರುಗಿತು, ಒಮ್ಮೆ ನಿಂತಿತು, ಮತ್ತೆ ತಿರುಗಿತು.

"ಗಾಳಿ ಒಂದು ಸಮ ಇಲ್ಲ. ಕಾಯಬೇಕು."

ಲೋವೆಲ್ ಕಾದ. ಹತ್ತು ನಿಮಿಷವಾಯಿತು. ಇಪ್ಪತ್ತಾಯಿತು. "ನೋಡು, ಆ ಕೊರಕಲು ಹಿಡಿದು ಇಳಿದರೆ ಇನ್ನೂರು ಗಜದ ಒಳಗೆ ಹೋಗಬಹುದು," ಅಂದ. "ಅದಕ್ಕೆ ನಮ್ಮ ವಾಸನೆ ಹೋಗಲ್ಲ. ನಿನ್ನ ಮಂಡಿಗೂ ಇಳಿಜಾರೇ, ಮೆಲ್ಲಗೆ ಹೋಗೋಣ."

"ಹತ್ತಿರ ಹೋಗಿ ಹೊಡೆಯೋಕೆ ನನಗೆ ಈ ಕೋವಿ ಯಾಕೆ ಬೇಕಿತ್ತು? ಕಲ್ಲು ಹೊಡೆದರೆ ಸಾಲದಾ?"

"ಹತ್ತಿರದಿಂದ ಹೊಡೆದರೂ ಸಾಯುತ್ತೆ ಮಾರಾಯ."

"ಅದು ನಿನ್ನಂಥವರ ಬೇಟೆ. ತೆವಳಿಕೊಂಡು ಹೋಗಿ ಹೊಡೆಯೋದು. ಗುರಿ ಇಲ್ಲದವನು ಕಾಲು ಸವೆಸಬೇಕು."

ಲೋವೆಲ್ ಮತ್ತೆ ದುರ್ಬೀನು ಎತ್ತಿಕೊಂಡ. ಒಂದು ಮಾತು ಮಾತ್ರ ಆರ್ವಿಡನ ಪರವಾಗಿ ಹೇಳಬೇಕು. ಗಾಳಿ ಸರಿಯಿಲ್ಲದೆ ಹಾರಿಸಿ, ಹೊಟ್ಟೆಗೆ ಗಾಯ ಮಾಡಿ, 'ತಪ್ಪಿತು ಬಿಡು' ಎಂದು ಕೈ ಕೊಡವಿ ಮನೆಗೆ ಹೋಗುವ ಜಾತಿಯವನಲ್ಲ ಅವನು. ಆ ಜಾತಿಯವರು ಈಗ ಆ ಬೆಟ್ಟಗಳಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅಷ್ಟು ಅರಿವಿದ್ದ ತಲೆಗೆ ಎದ್ದು ನಾಲ್ಕು ಹೆಜ್ಜೆ ಹತ್ತಿರ ಹೋಗುವ ಬುದ್ಧಿ ಬರಲಿಲ್ಲ. ಮೂವತ್ತೈದು ನಿಮಿಷ ಹಿಮದಲ್ಲಿ ಬೋರಲು ಬಿದ್ದುಕೊಂಡು ಚಕ್ರ ನೋಡುತ್ತಲೇ ಇದ್ದ. ಎಲ್ಕ್ ಹೊಟ್ಟೆ ತುಂಬ ಮೇದು, ಅವಸರವಿಲ್ಲದೆ, ಹೆಂಗಸರ ಹಿಂದೆ ನಡೆದು ದಿಬ್ಬದ ಮರೆಗೆ ಹೋಯಿತು.

"ಹೋಯ್ತು," ಅಂದ ಲೋವೆಲ್.

"ಎಲ್ಲಿಗೆ ಹೋಗುತ್ತೆ? ಆ ದಿಬ್ಬದ ಕೆಳಗೇ ಇರುತ್ತೆ. ಬೇಲಿ ದಾಟಿ ಆ ಬಂಡೆಯ ಹತ್ತಿರ ಕೂತರೆ ಮತ್ತೆ ಕಾಣುತ್ತೆ. ಆರುನೂರು ಗಜ ಸಿಗುತ್ತೆ."

ದಿಣ್ಣೆಯ ಮಗ್ಗುಲಲ್ಲೇ ದನದವರ ಹಳೆಯ ಮುಳ್ಳುತಂತಿಯ ಬೇಲಿ, ನಾಲ್ಕು ಎಳೆಯದು. ಬೇಲಿ ದಾಟುವ ಮೊದಲು ಕೋವಿ ಖಾಲಿ ಮಾಡಬೇಕೆನ್ನುವುದು ಆ ಸೀಮೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಕಲಿಸುವ ಪಾಠ. ಲೋವೆಲ್ ತನ್ನ ಕೋವಿಯ ಬೋಲ್ಟು ಎಳೆದ, ತೋಟಾ ಅಂಗೈಗೆ ಬಿತ್ತು, ಜೇಬಿಗೆ ಹಾಕಿಕೊಂಡ. ಆರ್ವಿಡ್ ತನ್ನದನ್ನು ಎಳೆದ. ಬಿಗಿಯಾಗಿತ್ತು. ಇನ್ನೊಮ್ಮೆ ಜೋರಾಗಿ ಎಳೆದ. ಕೋಶ ಹೊರಗೆ ಬಂತು. ಬರುವಾಗ ಮುಂದೆ ಗುಂಡಿರಲಿಲ್ಲ. ಬಾಯಿ ತೆರೆದ ಕೋಶದಿಂದ ಮದ್ದೆಲ್ಲ ಸುರಿದು ಬೋಲ್ಟಿನ ಸಂದಿಗೆ, ತೋಟಾ ಕೂರುವ ಗೂಡಿಗೆ, ಬೆರಳೊತ್ತುವ ಕುದುರೆಯ ಸಂದುಗೊಂದಿಗೆ ಇಳಿಯಿತು. ಚಿಮಟದಲ್ಲಿ ಒಂದೊಂದೇ ಎಣಿಸಿ ಹಾಕಿದ ಕಾಳುಗಳು.

ಆರ್ವಿಡನಿಗೆ ಆದದ್ದೇನೆಂದು ಆ ಕ್ಷಣವೇ ಗೊತ್ತಾಯಿತು. ಗೀರುಗಳಿಗೆ ಮೂತಿ ಒತ್ತಿ ಕೂತ ಗುಂಡು, ಸಡಿಲ ಕತ್ತಿನ ಹಿಡಿತ ಬಿಟ್ಟು, ನಳಿಗೆಯಲ್ಲೇ ನಿಂತುಬಿಟ್ಟಿತ್ತು. ಎರಡು ಚಳಿಗಾಲ ಗುರಿಯ ಮೈದಾನದಲ್ಲಿ ಕೂತು ಎಂಟುನೂರಕ್ಕೂ ಹೆಚ್ಚು ತೋಟಾ ಹಾರಿಸಿದ್ದ. ಒಳಗೆ ಹಾಕಿದ ಒಂದನ್ನಾದರೂ ಹಾರಿಸದೆ ಹೊರಗೆ ತೆಗೆದು ನೋಡಿರಲಿಲ್ಲ. ಕಾಗದದ ಗುರಿ ದಿಬ್ಬದ ಮರೆಗೆ ನಡೆದು ಹೋಗುವುದಿಲ್ಲವಲ್ಲ. ಬೇಟೆ ಎಂದರೆ ಹತ್ತರಲ್ಲಿ ಒಂಬತ್ತು ಸಲ ಹಾರಿಸದೆ ಮನೆಗೆ ಬರುವುದು ಎಂಬುದನ್ನು ಈ ಮಹಾಶಯ ತಕ್ಕಡಿಯ ಮುಂದೆ ಕೂತು ಮರೆತುಬಿಟ್ಟಿದ್ದ.

"ಏನಾಯ್ತು?" ಬೇಲಿಯ ಆಚೆಯಿಂದ ಲೋವೆಲ್ ಕೇಳಿದ.

"ಏನಿಲ್ಲ."

"ಕೆಳಗೆಲ್ಲ ಏನು ಚೆಲ್ಲಿದೆ?"

"ಏನಿಲ್ಲ ಅಂದೆನಲ್ಲ."

ಲೋವೆಲ್ ತಂತಿಯನ್ನು ಎತ್ತಿ ಹಿಡಿದ. ಆರ್ವಿಡ್ ಮಂಡಿ ಹಿಡಿದುಕೊಂಡು ಏದುಸಿರು ಬಿಡುತ್ತ ದಾಟಿದ, ಆಚೆ ಬಂಡೆಯ ಮೇಲೆ ಕೂತು ಕೈಗವಸು ಕಳಚಿದ. ಕೋವಿಯನ್ನು ತಲೆಕೆಳಗು ಮಾಡಿ ಕೊಡವಿದ, ಊದಿದ, ಉಗುರಿನಿಂದ ಕೆರೆದ. ಇನ್ನೊಂದು ತೋಟಾ ಹಾಕಿ ಬೋಲ್ಟು ಒತ್ತಿ ನೋಡಿದ. ಮುಂದೆ ಗುಂಡು ನಿಂತಿರುವಾಗ ಅದೆಲ್ಲಿ ಮುಚ್ಚುತ್ತದೆ? ಮುಚ್ಚಲಿಲ್ಲ. ಮುಚ್ಚಿ ಹಾರಿಸಿದ್ದರೆ ಮುಖವೇ ಉಳಿಯುತ್ತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಗುಂಡು ಒಳಗೇ ನಿಂತಿದೆ," ಎಂದ ಕೊನೆಗೆ, ಲೋವೆಲ್‌ನದೇ ತಪ್ಪು ಎನ್ನುವ ಹಾಗೆ.

"ಒಳಗೆ ಅಂದ್ರೆ, ನಳಿಗೇಲಾ? ತಳ್ಳೋ ಕಡ್ಡಿ ತಂದಿದೀಯಾ?"

"ಗ್ಯಾರೇಜಲ್ಲಿದೆ."

ಲೋವೆಲ್ ನಗಲಿಲ್ಲ. ನಕ್ಕಿದ್ದರೆ ಆರ್ವಿಡನಿಗೆ ಎಷ್ಟೋ ಹಾಯೆನಿಸುತ್ತಿತ್ತು, ಎರಡು ಮಾತು ಬೈದು ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಲೋವೆಲ್ ಸುತ್ತ ನೋಡಿ ಪೊದೆಯೊಂದರಿಂದ ನೆಟ್ಟಗಿನ ಕೋಲು ಮುರಿದು ಸಿಪ್ಪೆ ಕೆರೆಯತೊಡಗಿದ. "ನಳಿಗೆಯ ಬಾಯಿಂದ ಇದನ್ನು ತೂರಿಸಿ ತಟ್ಟಿದರೆ ಬರಬಹುದು ನೋಡು."

"ನನ್ನ ನಳಿಗೆಗೆ ಸೌದೆ ತುರುಕ್ತೀಯಾ?"

"ಸೌದೆ ಅಲ್ಲ, ಎಳೆ ಕೋಲು. ಗೀರುಬೀರು ಏನೂ ಆಗಲ್ಲ."

"ಬಸ್ಸಿನ ಸೈಲೆನ್ಸರ್ ಅಂದುಕೊಂಡೆಯಾ ಇದನ್ನ? ಮುಟ್ಟಬೇಡ."

ಲೋವೆಲ್ ಕೋಲು ಕೆಳಗೆ ಹಾಕಿ ತನ್ನ ಕೋವಿಗೆ ಜೇಬಿನ ತೋಟಾ ತುಂಬಿಕೊಂಡ. ಕಟಕ್ ಎಂದು ಒಳಗೆ ಹೋಯಿತು, ಬೋಲ್ಟು ಮುಚ್ಚಿತು. ಆ ಸದ್ದಿಗೆ ಆರ್ವಿಡ್ ಮುಖ ತಿರುಗಿಸಿದ. ಪೆಪ್ಪರಮಿಂಟಿನ ಜೊತೆ ಬಿದ್ದುಕೊಂಡಿದ್ದ ತೋಟಾ.

ಆಗ ಬಂದವು. ಕಣಿವೆಯ ಕೆಳಗೆ ಬೇರೆ ಯಾರೋ ಅಡ್ಡಾಡಿ ಬೆದರಿಸಿರಬೇಕು, ಎರಡು ಹೆಣ್ಣು ದಿಬ್ಬ ಬಳಸಿ ಇವರ ಕಡೆಗೇ ಹತ್ತಿ ಬಂದು ಜುನಿಪರ್ ಪೊದೆಗಳ ನಡುವೆ ದಾಟಿ ಹೋದವು. ಅವುಗಳ ಬೆನ್ನಿಗೇ ಗಂಡು. ಬಂದು ನಿಂತಿತು. ಎಪ್ಪತ್ತು ಹೆಜ್ಜೆ, ಹೆಚ್ಚಲ್ಲ. ಅಡ್ಡಕ್ಕೆ ನಿಂತು, ಹೆಣ್ಣುಗಳು ಹೋದ ಕಡೆ ನೋಡುತ್ತ, ಮೂಗಿನಿಂದ ಹಬೆ ಬಿಡುತ್ತಿತ್ತು. ಬಂಡೆಯ ಮರೆಯಲ್ಲಿದ್ದ ಇಬ್ಬರು ಮುದುಕರು ಅದಕ್ಕೆ ಕಾಣಲಿಲ್ಲ.

ಲೋವೆಲ್‌ನ ಕೋವಿ ತಾನಾಗಿ ಅರ್ಧ ಮೇಲೆ ಬಂದಿತ್ತು. ಅವನ ಜೇಬಿನಲ್ಲೂ ಪರವಾನಗಿ ಇತ್ತು. ಆರ್ವಿಡನ ಕೋವಿ ಸತ್ತು ಮಲಗಿತ್ತು. ಲೋವೆಲ್ ಹೊಡೆದಿದ್ದರೆ ಯಾವ ದೇವರೂ ಯಾವ ನ್ಯಾಯವೂ ಅವನನ್ನು ಕೇಳುತ್ತಿರಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಹಾಗೇ ಇದ್ದ. ಆಮೇಲೆ ಕೋವಿ ಇಳಿಸಿದ. ತಲೆ ಅಲುಗಿಸದೆ ಅದನ್ನು ಆರ್ವಿಡನ ಕಡೆ ಸರಿಸಿ, "ತಗೋ," ಎಂದು ಪಿಸುಗುಟ್ಟಿದ. "ಒಳಗಿದೆ. ಹೊಡಿ."

ಆರ್ವಿಡ್ ತೆಗೆದುಕೊಂಡ. ಭುಜಕ್ಕೆ ಆನಿಸಿದ. ಅಪ್ಪನ ಕಾಲದ ಸ್ಕೋಪಿನಲ್ಲಿ ಎಲ್ಕಿನ ಭುಜ ಇಡೀ ಗಾಜು ತುಂಬಿ ನಿಂತಿತ್ತು. ಅಲ್ಲಿಗೆ ಬೆರಳು ಒತ್ತುವುದಷ್ಟೇ ಬಾಕಿ. ಲೋವೆಲ್‌ನ ಬಸ್ಸಿನಲ್ಲಿ ಬರುತ್ತಿದ್ದ ಯಾವ ಮಗುವಾದರೂ ಒತ್ತಬಹುದಾಗಿತ್ತು.

ಅವನು ಬೋಲ್ಟು ತೆರೆದ.

ಯಾಕೆ ತೆರೆದೆ ಎಂದು ಆಮೇಲೆ ಅವನೇ ತನ್ನನ್ನು ನೂರು ಸಲ ಕೇಳಿಕೊಂಡ. ನಲವತ್ತೊಂದು ವರ್ಷದಿಂದ ತಾನು ಕಣ್ಣಾರೆ ನೋಡದ ತೋಟಾ ಹಾರಿಸಿದವನಲ್ಲ, ಕೈಗೆ ಅಭ್ಯಾಸ, ಎಂದು ಡೊರೀನ್‌ಗೆ ಹೇಳಿದ. ಅದು ಸುಳ್ಳು. ಅಭ್ಯಾಸವಾಗಿದ್ದರೆ ನೋಡಿ ವಾಪಸ್ಸು ಹಾಕುತ್ತಿದ್ದ. ಅವನು ತೋಟಾವನ್ನು ಹೊರಗೆ ತೆಗೆದ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹೊರಳಿಸಿದ. ಗುಂಡಿನ ಮೂತಿಯಲ್ಲಿ ಒಂದು ತಗ್ಗು ಕಂಡಿತು, ಜೇಬಿನಲ್ಲಿ ಬೀಗದ ಕೈಗೆ ತಾಗಿ ಆದದ್ದು. ತಗ್ಗು ಕಂಡದ್ದೇ ತಡ ಅವನ ಮುಖಕ್ಕೆ ಕಳೆ ಬಂತು. ಮದ್ದು ಚೆಲ್ಲಿದ ಅವಮಾನವೆಲ್ಲ ಒಂದು ಕ್ಷಣ ಮರೆತುಹೋಯಿತು. ಎಪ್ಪತ್ತು ಹೆಜ್ಜೆ ದೂರದಲ್ಲಿ ಇಪ್ಪತ್ತೆರಡು ವರ್ಷ ಕಾದ ಪ್ರಾಣಿ ನಿಂತಿರುವಾಗ ಆರ್ವಿಡ್ ಲುಂಡೆ ಲೋವೆಲ್‌ನ ಕಡೆ ತಿರುಗಿ, ಆ ತಗ್ಗನ್ನು ಉಗುರಿನಲ್ಲಿ ತೋರಿಸಿ, ಹುಬ್ಬು ಹಾರಿಸಿದ.

ಲೋವೆಲ್ ತಗ್ಗನ್ನು ನೋಡಲಿಲ್ಲ. ಎಲ್ಕನ್ನು ನೋಡುತ್ತಿದ್ದ. ಬೋಲ್ಟಿನ ಸದ್ದಿಗೆ ಅದು ಆಗಲೇ ತಲೆ ತಿರುಗಿಸಿ ಬಂಡೆಯನ್ನು ದಿಟ್ಟಿಸುತ್ತಿತ್ತು. ಆರ್ವಿಡ್ ಅದರ ಕಡೆ ತಿರುಗುವಷ್ಟರಲ್ಲಿ ಒಂದೇ ನೆಗೆತ. ಪೊದೆಗಳು ಅಲುಗಿದವು, ಕಲ್ಲು ಉರುಳಿದ ಸದ್ದಾಯಿತು, ಅಷ್ಟೇ.

ಇಬ್ಬರೂ ಕೂತೇ ಇದ್ದರು. ಆರ್ವಿಡನಿಗೆ ತಪ್ಪಾಯಿತು ಅನ್ನಬೇಕು ಎನಿಸಿತು. ಬಾಯಿ ತೆರೆದರೆ ಬಂದ ಮಾತೇ ಬೇರೆ.

"ಇದನ್ನ ಹಾಕಿ ಹೊಡೆದಿದ್ದರೂ ತಪ್ಪುತ್ತಿತ್ತು. ಮೂತಿ ನೋಡು, ಸೊಟ್ಟಗಿದೆ."

ಲೋವೆಲ್ ತನ್ನ ಕೋವಿ ತೆಗೆದುಕೊಂಡ. ಅಂಗೈ ಚಾಚಿದ. "ತೋಟಾ ಕೊಡು."

ಆರ್ವಿಡ್ ಕೊಟ್ಟ. ಲೋವೆಲ್ ಅದನ್ನು ಜೇಬಿಗೆ ಹಾಕಿಕೊಂಡು ಎದ್ದ, ಎರಡೂ ಚೀಲ ಹೆಗಲಿಗೇರಿಸಿದ, ಮತ್ತೆ ಬೇಲಿಯ ತಂತಿ ಎತ್ತಿ ಹಿಡಿದು ಆರ್ವಿಡ್ ದಾಟುವವರೆಗೆ ನಿಂತ.

"ನಾನೇ ಹೊಡೀಬಹುದಿತ್ತು," ಅಂದ. ದನಿ ಏರಿಸಲಿಲ್ಲ. "ನಿನಗೆ ಕೊಟ್ಟೆ. ನೀನು ಅದನ್ನ ತಗೊಂಡು ನನ್ನನ್ನ ಆಡಿಕೊಂಡೆ. ಮನೇಲಿ ಊಟಕ್ಕೆ ಕೂತು ಆಡಿಕೊಳ್ಳೋದು ಬೇರೆ, ಅದಕ್ಕೆ ನಾನು ಎಂದೂ ಬೇಜಾರು ಮಾಡಿಕೊಂಡವನಲ್ಲ. ನಾಳೆ ನಾನೊಬ್ಬನೇ ಬರ್ತೀನಿ."

ಲೋವೆಲ್ ಆರ್ವಿಡನ ಮನೆಯ ಮುಂದೆ ಟ್ರಕ್ಕು ನಿಲ್ಲಿಸಿ, ಚೀಲ ಇಳಿಸಿಕೊಟ್ಟು, ಡೊರೀನ್‌ಗೆ ಕೈ ಬೀಸಿ ಹೋದ.

ಗ್ಯಾರೇಜಿನಲ್ಲಿ ಕಡ್ಡಿ ತೂರಿಸಿ ತಟ್ಟಿದರೆ ಗುಂಡು ಹೊರಗೆ ಬೀಳಲು ಎರಡು ನಿಮಿಷ ಹಿಡಿಯಿತು. ಕೋವಿ ಒರೆಸಿ, ಮದ್ದು ಕೊಡವಿ, ಎಣ್ಣೆ ಹಾಕಲು ಒಂದು ಗಂಟೆ. ಇನ್ನೂ ಮೂರು ದಿನವಿತ್ತು. ಡೊರೀನ್ ಬಾಗಿಲಲ್ಲಿ ನಿಂತು ಕೇಳಿದಳು.

"ನಾಳೆ ನಾನು ರಜಾ ಹಾಕ್ತೀನಿ. ನನ್ನ ಕಾರಿಗೂ ಸರಪಣಿ ಇದೆ. ರಸ್ತೆ ಮುಗಿಯೋವರೆಗೆ ಬಿಟ್ಟು ಬರಲಾ?"

"ನಾಳೆ ಹೇಗಾಗುತ್ತೆ? ಗುಂಡನ್ನ ಕೋಶದಲ್ಲಿ ಇನ್ನಷ್ಟು ಒಳಗೆ ಕೂರಿಸಬೇಕು. ಆಳ ಬದಲಾದರೆ ಮದ್ದಿನ ಲೆಕ್ಕವೆಲ್ಲ ಬದಲಾಗುತ್ತೆ. ಮೊದಲಿಂದ ತುಂಬಬೇಕು. ಮೈದಾನಕ್ಕೆ ಹೋಗಿ ಕಾಗದಕ್ಕೆ ಹೊಡೆದು ನೋಡಬೇಕು."

"ಎಲ್ಕ್ ನಿಂತಿದ್ದು ಎಪ್ಪತ್ತು ಹೆಜ್ಜೆಗೆ ಅಂದೆ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಏನೂ ಇಲ್ಲ ಬಿಡು," ಎಂದು ಅವಳು ಬಾಗಿಲು ಹಾಕಿಕೊಂಡು ಹೋದಳು.

ಶುಕ್ರವಾರವೆಲ್ಲ ತೋಟಾಗಳ ಗುಂಡು ಕಿತ್ತು, ಮದ್ದು ಸುರಿದು, ಮತ್ತೆ ತೂಗಿದ. ಸಂಜೆ ಮೈದಾನಕ್ಕೆ ಹೋಗಿ ಐದು ಹಾರಿಸಿದರೆ ಕಾಗದದ ಮೇಲೆ ಐದು ತೂತು ಬಿದ್ದವು, ಹಸ್ತದಷ್ಟು ಹರಡಿಕೊಂಡು. ಅದು ಯಾವ ಎಲ್ಕಿಗಾದರೂ ಧಾರಾಳವಾಗಿ ಸಾಕು. ಅವನಿಗೆ ಸಾಲಲಿಲ್ಲ. ಶನಿವಾರ ಬೆಳಿಗ್ಗೆ ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಮತ್ತೆ ತಕ್ಕಡಿಯ ಮುಂದೆ ಕೂತ. ಲೋವೆಲ್ ಒಬ್ಬನೇ ಬೆಟ್ಟದಲ್ಲಿ ತೆವಳುತ್ತಿರುವುದನ್ನು ನೆನೆದು ಮನಸ್ಸಿನಲ್ಲೇ ಮೂಗು ಮುರಿದ. ಆ ಸೊಟ್ಟ ಮೂತಿಯ ತೋಟಾದಲ್ಲಿ ಅವನಿಗೆ ಮೊಲವೂ ಬೀಳುವುದಿಲ್ಲ ಎಂದು ಸಮಾಧಾನ ಹೇಳಿಕೊಂಡ. 

ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನ ಗೋಡೆಯ ಫೋನು ಬಡಿದುಕೊಂಡಿತು. ಆ ಕಡೆ ಮಾರ್ಗಿಟ್.

"ಆರ್ವಿಡ್, ಲೋವೆಲ್‌ಗೆ ಸಿಕ್ತು ಕಣೋ. ನಿನ್ನೆ ಬೆಳಿಗ್ಗೆ ಒಂಬತ್ತು ಗಂಟೆಗೆ. ಬೆಟ್ಟದಿಂದ ಇಳಿಸಿ ತರೋಕೆ ಇಷ್ಟು ಹೊತ್ತಾಯ್ತು. ಅದೇ, ಆರು ಕವಲಿನದು. ಈಗ ಅಂಗಳದಲ್ಲಿ ತೊಲೆಗೆ ನೇತುಹಾಕಿದಾನೆ, ಅಕ್ಕಪಕ್ಕದವರೆಲ್ಲ ಬಂದು ನಿಂತಿದಾರೆ. ಒಂದು ಹಿಂಗಾಲು ನಿನಗೆ ಅಂತ ಆಗಲೇ ಬೇರೆ ಇಟ್ಟಿದಾನೆ."

ಆರ್ವಿಡ್ ಕರವಸ್ತ್ರವನ್ನು ಬಾಯಿಂದ ಕೆಳಗೆ ಎಳೆದ. ತಕ್ಕಡಿಯ ತಟ್ಟೆ ಇನ್ನೂ ಮೇಲೆ ಕೆಳಗೆ ಆಡುತ್ತಿತ್ತು. ಸಂತೋಷ ಅನ್ನಬೇಕಿತ್ತು, ಲೋವೆಲ್‌ಗೆ ಹೇಳು ಅನ್ನಬೇಕಿತ್ತು.

"ಎಷ್ಟು ದೂರದಿಂದ?" ಎಂದ.

"ಅರವತ್ತು ಹೆಜ್ಜೆ ಅಂದ ಹಾಗಿತ್ತು. ಒಂದೇ ಏಟಂತೆ."

"ಅರವತ್ತು ಹೆಜ್ಜೆಯಿಂದ ಯಾರು ಬೇಕಾದ್ರೂ ಹೊಡೀತಾರೆ ಮಾರ್ಗಿಟ್."

ಆ ಕಡೆ ಅಂಗಳದಲ್ಲಿ ಯಾರೋ ನಗುವುದು ಕೇಳಿಸುತ್ತಿತ್ತು.

"ನೀನು ಹೊಡೀಲಿಲ್ಲವಲ್ಲ," ಎಂದಳು ತಂಗಿ. ಜಗಳದ ದನಿಯೇ ಅಲ್ಲ. ಮಾಂಸ ಸಂಜೆ ಕಳಿಸಿಕೊಡುತ್ತೇನೆ, ನೀನು ಬರುವುದೇನೂ ಬೇಡ ಎಂದು ಹೇಳಿ ಫೋನಿಟ್ಟಳು.